ಎರಡಿಂಚು ಮೆತ್ತೆ, ಒಂದು ಸ್ಟೂಲು

ಸೌಕರ್ಯ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಒಂದು ಬಗೆಯ ಸಂಕೋಚವಾಗುತ್ತದೆ. ಕೂಲಿ ಕೇಳಬಹುದು, ಬೋನಸ್ ಕೇಳಬಹುದು, ರಜೆ ಕೇಳಬಹುದು. ಕುಳಿತುಕೊಳ್ಳಲು ಒಂದು ಹಲಗೆ ಕೊಡಿ ಎಂದು ಕೇಳುವುದು ಮಾತ್ರ ಸೋಮಾರಿಯ ಲಕ್ಷಣವೆಂದು ಸ್ವತಃ ದುಡಿಯುವವನೇ ನಂಬಿಕೊಂಡಿದ್ದಾನೆ. "ನಮ್ಮ ಅಪ್ಪನ ಕಾಲದಲ್ಲಿ ಇದೆಲ್ಲ ಇತ್ತೇ?" ಎಂದು ಕೇಳುವ ಹಿರಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಇರಲಿಲ್ಲ, ನಿಜ. ಅಪ್ಪನ ಸೊಂಟ ಐವತ್ತು ತುಂಬುವ ಮೊದಲೇ ಬಾಗಿದ್ದೂ ಅಷ್ಟೇ ನಿಜ. ಇತ್ತ ಪೇಟೆಯ ಜಾಹೀರಾತುಗಳನ್ನು ನೋಡಿದರೆ ಸೌಕರ್ಯವೆಂಬುದು ಹಣವಿದ್ದವರು ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯುವ ಒಂದು ಸಾಮಾನು. ಹಿರಿಯರ ಮಾತೂ ಜಾಹೀರಾತಿನ ಮಾತೂ ಕೊನೆಗೆ ಒಂದೇ ಕಡೆಗೆ ಹೋಗಿ ಸೇರುತ್ತವೆ: ಬಡವನಿಗೆ ಅದು ಬೇಡ. ಈ ತೀರ್ಮಾನವನ್ನು ಒಪ್ಪಲಾರೆವೆಂದು ಹೇಳುವುದಕ್ಕಾಗಿ ಈ ವಾರ ಈ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಮಾತನ್ನು ಪಡೀಲಿನಿಂದಲೇ ತೊಡಗೋಣ.

ಪಡೀಲು ಮಂಗಳೂರಿನ ಹೊಸ್ತಿಲು. ಘಟ್ಟದ ಮೇಲಿನಿಂದ ಬಿ.ಸಿ. ರೋಡು ದಾಟಿ ಬರುವ ಹೆದ್ದಾರಿ ಪಟ್ಟಣವನ್ನು ಹೊಗುವುದು ಇಲ್ಲಿ. ರೈಲು ಹಳಿ ಕವಲೊಡೆಯುವುದೂ ಇಲ್ಲಿಯೇ: ಒಂದು ಬಂಟ್ವಾಳ, ಪುತ್ತೂರು, ಸುಬ್ರಹ್ಮಣ್ಯದ ಮೇಲಿಂದ ಹಾಸನಕ್ಕೆ, ಇನ್ನೊಂದು ಜೋಕಟ್ಟೆ, ತೋಕೂರಿನ ಮೇಲಿಂದ ಕೊಂಕಣಕ್ಕೆ. ಹಿಂದೆ ಕಂಕನಾಡಿ ಎನಿಸಿಕೊಂಡು ಈಗ ಮಂಗಳೂರು ಜಂಕ್ಷನ್ ಎಂದು ಹೆಸರು ಪಡೆದ ನಿಲ್ದಾಣ ಪಕ್ಕದಲ್ಲಿದೆ. ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ, ಕೊಂಕಣ ರೈಲ್ವೆ ಈ ಮೂರರ ಗಡಿಗಳೂ ಇದೇ ಸುತ್ತಿನಲ್ಲಿ ಕೂಡುವುದರಿಂದ ಒಂದು ಬೆಂಚಿಗಾಗಿ ಅರ್ಜಿ ಬರೆಯುವವನು ಅದನ್ನು ಯಾರಿಗೆ ಬರೆಯಬೇಕೆಂದು ಮೊದಲು ವಿಚಾರಿಸಿಕೊಳ್ಳಬೇಕು. ಸ್ಟೇಟ್‌ಬ್ಯಾಂಕ್ ಬಳಿಯಲ್ಲಿದ್ದ ಜಿಲ್ಲಾಧಿಕಾರಿಗಳ ಕಚೇರಿಗೆ ಪಡೀಲಿನಲ್ಲಿ 'ಪ್ರಜಾಸೌಧ' ಎಂಬ ಹೊಸ ಕಟ್ಟಡವಾಗಿ, 2025ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದನ್ನು ಉದ್ಘಾಟಿಸಿದರು. ಆದುದರಿಂದ ಸುಳ್ಯದ ರೈತ, ಬೆಳ್ತಂಗಡಿಯ ವಿಧವೆ, ಉಳ್ಳಾಲದ ಮೀನುಗಾರ, ಬೆಂಗಳೂರು ಗಾಡಿಗೆ ಹೊರಟ ಕೂಲಿಯವನು, ಎಲ್ಲರೂ ಈಗ ಪಡೀಲಿನಲ್ಲಿ ಇಳಿಯುವವರೇ. ಬಸ್ಸಿಗೆ ಕಾಯುವುದು, ಗಾಡಿಗೆ ಕಾಯುವುದು, ಸಹಿಗೆ ಕಾಯುವುದು, ಹೀಗೆ ಕಾಯುವುದೇ ಈ ಊರಿನ ದೊಡ್ಡ ಕಸುಬಾಗಿದೆ. ಕಾಯುವವನಿಗೆ ಮೊದಲು ಬೇಕಾದದ್ದೇನು? ಕುಳಿತುಕೊಳ್ಳಲು ಒಂದು ಜಾಗ.

ಈ ನಿಲ್ದಾಣದಿಂದ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೋ ಮುಂಬಯಿಗೋ ಹೋಗುವ ನಮ್ಮ ಕಾರ್ಮಿಕ ಬಂಧು ಶಯನ ಡಬ್ಬಿಯಲ್ಲಿ ಕಾಲು ಚಾಚಿದಾಗ ಅವನ ಬೆನ್ನ ಕೆಳಗೆ ಒಂದು ಮೆತ್ತೆ ಇರುತ್ತದೆ. ಅದರ ಮೇಲಿನ ಹೊದಿಕೆ ಹರಿದಿರಬಹುದು, ತಿಗಣೆಯೂ ಇರಬಹುದು. ಆದರೂ ಮೆತ್ತೆ ಇದೆ. ಅದು ತಾನಾಗಿ ಬಂದದ್ದಲ್ಲ. ಗಾಂಧೀಜಿಯವರು 1917ರಲ್ಲಿಯೇ ಮೂರನೆ ದರ್ಜೆಯ ಪ್ರಯಾಣಿಕನ ಬವಣೆಯನ್ನು ಬರೆದು ಪ್ರಕಟಿಸಿದ್ದರು. ಸ್ವಾತಂತ್ರ್ಯ ಬಂದು 27 ವರ್ಷಗಳು ಕಳೆದ ಮೇಲೆ, 1974ರಲ್ಲಿ, ಮೂರನೆ ದರ್ಜೆ ರದ್ದಾಯಿತು. ರದ್ದಾದದ್ದು ಹೆಸರು. ಡಬ್ಬಿಯ ಹೊರಗಿನ ಅಂಕೆ ಬದಲಾಯಿತು, ಒಳಗಿನ ಮರದ ಹಲಗೆ ಇದ್ದಲ್ಲಿಯೇ ಇತ್ತು. ಅದೇ ವರ್ಷ ಮೇ 8ರಂದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರ ನೇತೃತ್ವದಲ್ಲಿ ರೈಲ್ವೆ ಕಾರ್ಮಿಕರ ಮಹಾಮುಷ್ಕರ ಆರಂಭವಾಯಿತು; ಇಪ್ಪತ್ತು ದಿನಗಳಲ್ಲಿ ಅದನ್ನು ಮುರಿಯಲಾಯಿತು; ಸಾವಿರಾರು ಜನ ಸೆರೆಮನೆಗೆ ಹೋದರು, ಕೆಲಸ ಕಳೆದುಕೊಂಡರು.

1977ರಲ್ಲಿ ಸರಕಾರ ಬದಲಾಗಿ ಪ್ರೊ. ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದರು. ಕೊಂಕಣದ ರಾಜಾಪುರದಿಂದ ಆರಿಸಿಬಂದ ಸಮಾಜವಾದಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರನ್ನು ಅವರು ಮರಳಿ ಸೇರಿಸಿಕೊಂಡದ್ದು ಎಲ್ಲರೂ ಬಲ್ಲ ವಿಷಯ. ಅದರ ಜೊತೆಗೆ ಮಾಡಿದ ಇನ್ನೊಂದು ಕೆಲಸ ಕೇಳುವುದಕ್ಕೆ ಬಹಳ ಸಣ್ಣದು: ಎರಡನೆ ದರ್ಜೆಯ ಮರದ ಹಲಗೆಯ ಮೇಲೆ ಎರಡಿಂಚು ದಪ್ಪದ ಮೆತ್ತೆ ಹಾಕಿಸಿದರು. ಮೊದಲು ಕೆಲವು ಮುಖ್ಯ ಗಾಡಿಗಳಿಗೆ, ಕ್ರಮೇಣ ದೇಶದ ಎಲ್ಲ ಗಾಡಿಗಳಿಗೂ ಅದು ಬಂತು. ಮೊದಲನೆ ದರ್ಜೆಯನ್ನು ಕೆಳಕ್ಕೆ ಎಳೆಯುವ ಇಚ್ಛೆ ತಮಗಿಲ್ಲ, ಎರಡನೆಯದನ್ನು ಮೇಲಕ್ಕೆ ಎತ್ತಬೇಕಾಗಿದೆ ಎಂಬುದು ಅವರ ನಿಲುವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಗೂ ಹೌರಾಕ್ಕೂ ನಡುವೆ ದರ್ಜೆಭೇದವಿಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಓಡಿತು.

ಎರಡಿಂಚಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಶಾಲೆಯ ಪಾಠವೊಂದನ್ನು ನೆನಪಿಸುತ್ತೇವೆ. ಭಾರ ಅದೇ ಇದ್ದು ಅದನ್ನು ಹೊರುವ ಜಾಗ ಚಿಕ್ಕದಾದರೆ ಒತ್ತಡ ಹೆಚ್ಚುತ್ತದೆ. ಮರದ ಹಲಗೆಯ ಮೇಲೆ ಮಲಗಿದವನ ಭಾರವನ್ನೆಲ್ಲ ಹೆಗಲ ಮೂಳೆ, ಸೊಂಟದ ಮೂಳೆ, ಹಿಮ್ಮಡಿ ಇಷ್ಟೇ ಹೊರಬೇಕು. ಮೆತ್ತೆ ತಗ್ಗಿಕೊಟ್ಟು ಮೈಯ ಇತರ ಭಾಗಗಳಿಗೂ ಆ ಭಾರವನ್ನು ಹಂಚುತ್ತದೆ. ಹಂಚಿದರೆ ನಿದ್ದೆ ಬರುತ್ತದೆ. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗ್ಗೆ ನೇರವಾಗಿ ಕೆಲಸಕ್ಕೆ ಹೋಗಬೇಕಾದವನಿಗೆ ಆ ನಿದ್ದೆ ಒಂದು ದಿನದ ಕೂಲಿಯ ಪ್ರಶ್ನೆ. ಮೆತ್ತೆಯ ಖರ್ಚನ್ನು ಲೆಕ್ಕ ಹಾಕಬಲ್ಲ ಗುಮಾಸ್ತರು ರೈಲ್ವೆಯಲ್ಲಿ ಎಂದೂ ಇದ್ದರು. ಅದು ಇಲ್ಲದ್ದರ ಖರ್ಚನ್ನು ಯಾರೂ ಲೆಕ್ಕ ಹಾಕಿರಲಿಲ್ಲ, ಏಕೆಂದರೆ ಅದನ್ನು ಕೊಡುತ್ತಿದ್ದವನು ಪ್ರಯಾಣಿಕ.

ಹೀಗೆ ಕೊಟ್ಟದ್ದನ್ನು ಕಿತ್ತುಕೊಳ್ಳುವ ಪ್ರಯತ್ನವೂ ನಡೆಯಿತು. 2007ರ ಸುಮಾರಿಗೆ ಶಯನ ಡಬ್ಬಿಯಲ್ಲಿ ಪಕ್ಕದ ಸಾಲಿನ ಎರಡು ಮಲಗುವ ಹಲಗೆಗಳ ನಡುವೆ ಮೂರನೆಯದನ್ನು ತುರುಕಿದರು. 72 ಜನ ಮಲಗುತ್ತಿದ್ದ ಡಬ್ಬಿಯಲ್ಲಿ 81 ಜನ. ಕಾಗದದ ಮೇಲೆ ಒಂಬತ್ತು ಟಿಕೇಟು ಲಾಭ. ಮಧ್ಯದವನಿಗೆ ತಲೆಯೆತ್ತಲು ಎಡೆಯಿಲ್ಲ, ಕೆಳಗಿನವನಿಗೆ ಕೂರಲು ಎತ್ತರವಿಲ್ಲ, ಮೇಲಿನವನ ಮೂಗಿಗೆ ಚಾವಣಿ. ಜನ ಬಯ್ದರು, ಪತ್ರಿಕೆಗಳು ಬರೆದವು. 2009ರಲ್ಲಿ ಅದನ್ನು ತೆಗೆಯುವ ಆಜ್ಞೆಯಾಯಿತು. ಆ ನಕ್ಷೆಯನ್ನು ಬರೆದ ಮಹನೀಯರು ಒಂದು ರಾತ್ರಿ ಆ ಮಧ್ಯದ ಹಲಗೆಯ ಮೇಲೆ ಮಲಗಿ ನೋಡಿದ್ದರೆ ಅದು ಡಬ್ಬಿಗೆ ಏರುತ್ತಲೇ ಇರಲಿಲ್ಲವೆಂದು ನಮ್ಮ ನಂಬಿಕೆ.

ಇನ್ನು ಮೆತ್ತೆಯ ಮೇಲೆ ಮಲಗಿದವನನ್ನು ಎಳೆದೊಯ್ಯುವವನ ಗತಿಯೇನು? ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗೆ ಸುಮಾರು 55 ಕಿ.ಮೀ. ಘಟ್ಟ, 57 ಸುರಂಗ, ಐವತ್ತು ಅಡಿ ಹೋದರೆ ಒಂದಡಿ ಏರುವ ಹಳಿ. ಆ ದಾರಿಯಲ್ಲಿ ಕಣ್ಣು ಮಿಟುಕಿಸದೆ ಕೂರುವ ಎಂಜಿನ್ ಚಾಲಕನಿಗೆ ಶೌಚಕ್ಕೊಂದು ಮೂಲೆ ಬೇಡವೇ? ಭಾರತದಲ್ಲಿ ರೈಲು ಓಡಲಾರಂಭಿಸಿದ್ದು 1853ರಲ್ಲಿ. ಶೌಚದ ವ್ಯವಸ್ಥೆಯಿರುವ ಎಂಜಿನ್ ಹೊರಬಂದದ್ದು 2016ರಲ್ಲಿ. ನಡುವಣ 163 ವರ್ಷಗಳ ಕಾಲ ಎಂಜಿನ್ನಿನ ಚಕ್ರ, ಬಾಯ್ಲರು, ಮೋಟಾರು, ಬ್ರೇಕು ಎಲ್ಲವೂ ಎಷ್ಟೋ ಸಲ ಸುಧಾರಿಸಿದವು. ಅದರೊಳಗೆ ಕುಳಿತ ಮನುಷ್ಯನಿಗೂ ಒಂದು ಹೊಟ್ಟೆಯಿದೆಯೆಂಬುದು ನಕ್ಷೆ ಬರೆಯುವವರ ನೆನಪಿಗೆ ಬರಲಿಲ್ಲ. ಹೆಂಗಸರೂ ಆ ಕೆಲಸಕ್ಕೆ ಬಂದ ಮೇಲೆ ಈ ಮರೆವು ಇನ್ನಷ್ಟು ಕ್ರೂರವಾಯಿತು. ನೀರು ಕುಡಿಯದೆ ಗಾಡಿ ನಡೆಸುವುದು ಅವರಿಗೆ ರೂಢಿಯಾಯಿತು. ಮಂಗಳೂರಿನಿಂದ ಮಡಗಾಂವಿಗೆ 2023ರ ಡಿಸೆಂಬರಿನಲ್ಲಿ ವಂದೇ ಭಾರತ್ ಗಾಡಿ ಹೊರಟಾಗ ಅದರ ಆಸನಗಳ ವರ್ಣನೆಯನ್ನು ಪತ್ರಿಕೆಗಳಲ್ಲಿ ಓದಿದೆವು. ಒಳ್ಳೆಯ ಆಸನದ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ಡಬ್ಬಿಯ ಬಾಗಿಲಲ್ಲಿ ನೇತಾಡುವವನ ಕಾಲಿಗೂ ಅಷ್ಟೇ ಅಂಗುಲ ಜಾಗವನ್ನು ಯಾರು ಎಣಿಸುತ್ತಾರೆಂದು ಕೇಳುತ್ತಿದ್ದೇವೆ, ಅಷ್ಟೆ.

ಕುಳಿತುಕೊಳ್ಳುವುದೆಂಬುದು ನಮ್ಮ ಜಿಲ್ಲೆಯಲ್ಲಿ ಎಂದೂ ಬರಿಯ ಮೈಯ ವಿಷಯವಾಗಿರಲಿಲ್ಲ. ಹಳೆಯ ಗುತ್ತುಮನೆಗಳನ್ನು ನೋಡಿದವರಿಗೆ ಗೊತ್ತು. ಜಗಲಿ ಎಷ್ಟು ಹಿತವಾದ ರಚನೆ! ಮೂರು ತಿಂಗಳು ಸುರಿಯುವ ಮಳೆಗೆ ಇಳಿಬಿಟ್ಟ ಮಾಡು, ಬಿಸಿಲಿಗೆ ತಂಪಾದ ನೆಲ, ಒರಗಿಕೊಳ್ಳಲು ಕಂಬ. ಮನೆ ಕಟ್ಟಿದ ಆಚಾರಿಗೆ ಸೌಕರ್ಯವೆಂದರೇನೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಧಣಿಗಳು ಜಗಲಿಯಲ್ಲಿ ಕೂತರೆ ಗೇಣಿಯ ಒಕ್ಕಲು ಅಂಗಳದಲ್ಲಿ ನಿಲ್ಲಬೇಕು. ಅಂಗಳಕ್ಕೂ ಬರಬಾರದವರು ಗದ್ದೆಯ ಹುಣಿಯಲ್ಲಿ ನಿಲ್ಲಬೇಕು. ಅದೇ ಮಾಡಿನ ನೀರು ನಿಂತವನ ತಲೆಯ ಮೇಲೆ ಸುರಿಯುತ್ತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಎಷ್ಟೋ ಒಕ್ಕಲುಗಳು ಉತ್ತ ಭೂಮಿಗೆ ಒಡೆಯರಾದರು. ಅವರು ಸ್ವಂತ ಮನೆ ಕಟ್ಟಿಕೊಂಡಾಗ ಮುಂದೆ ಒಂದು ಸಿಟ್‌ಔಟ್ ಇಡದೆ ಬಿಡಲಿಲ್ಲ, ಅದರಲ್ಲೊಂದು ಕುರ್ಚಿ. ಪಟ್ಟಣದ ವಾಸ್ತುಶಿಲ್ಪಿಗಳು ಅದನ್ನು ನೋಡಿ ನಗಬಹುದು. ಐವತ್ತು ವರ್ಷ ನಿಂತ ಕಾಲಿಗೆ ಆ ಕುರ್ಚಿಯ ಅರ್ಥ ಬೇರೆ.

ಅಂಗಳದಲ್ಲಿ ನಿಂತವರ ಮೊಮ್ಮಕ್ಕಳು ಇಂದು ಎಲ್ಲಿ ನಿಂತಿದ್ದಾರೆ? ಜವಳಿ ಅಂಗಡಿಗಳಲ್ಲಿ, ಚಿನ್ನದ ಅಂಗಡಿಗಳಲ್ಲಿ, ಸೂಪರ್ ಬಜಾರುಗಳಲ್ಲಿ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಂದರೆ ರಾತ್ರಿ ಶಟರ್ ಎಳೆಯುವ ತನಕ ನಿಂತೇ ಇರುವ ಹುಡುಗ ಹುಡುಗಿಯರು ಪ್ರತಿ ಪೇಟೆಯಲ್ಲಿಯೂ ಇದ್ದಾರೆ. ಮನುಷ್ಯನ ಕಾಲು ನಡೆಯುವುದಕ್ಕೆ ಆದದ್ದು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತರೆ ಆ ಪಂಪು ಕೆಲಸ ಮಾಡುವುದಿಲ್ಲ. ರಕ್ತ ಕಾಲಲ್ಲೇ ತಂಗುತ್ತದೆ, ಪಾದ ಊದುತ್ತದೆ, ವರ್ಷಗಳು ಕಳೆದಂತೆ ನರಗಳು ಹಾವಿನಂತೆ ಉಬ್ಬಿ ಕಾಣುತ್ತವೆ. ಇದಕ್ಕೆ ಚಿಕಿತ್ಸೆ ಪಡೆಯುವ ಹೊತ್ತಿಗೆ ಆ ಹುಡುಗಿಗೆ ನಲವತ್ತಾಗಿರುತ್ತದೆ, ಆ ಅಂಗಡಿಯಲ್ಲಿ ಬೇರೆ ಹುಡುಗಿ ನಿಂತಿರುತ್ತಾಳೆ.

ಗಡಿಯಾಚೆ ಕೇರಳದಲ್ಲಿ ಈ ವಿಷಯವನ್ನು ಎತ್ತಿದವರು ದೊಡ್ಡ ನಾಯಕರೇನಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರು. ಹೊಲಿಗೆ ಕೆಲಸದ ವಿಜಿ ಎಂಬವರು ಮುಂದಾಗಿ 'ಪೆಣ್‌ಕೂಟ್ಟು' ಎಂಬ ಸಂಘಟನೆ ಕಟ್ಟಿದರು. ಮೊದಲು ಕೇಳಿದ್ದು ಶೌಚಾಲಯ. ಅನಂತರ ಕುಳಿತುಕೊಳ್ಳುವ ಹಕ್ಕು. 2014ರಲ್ಲಿ ತ್ರಿಶೂರಿನ ಜವಳಿ ಅಂಗಡಿಯೊಂದರ ಹೆಂಗಸರು ಇದೇ ಕಾರಣಕ್ಕೆ ಬೀದಿಗಿಳಿದು ದಿನಗಟ್ಟಲೆ ಮುಷ್ಕರ ಕೂತರು. ಮುಷ್ಕರದಲ್ಲಾದರೂ ಕೂರುವ ಅವಕಾಶ ಸಿಕ್ಕಿತೆನ್ನಬೇಕು. ಕೊನೆಗೆ 2018ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾಯಿದೆಗೆ ತಿದ್ದುಪಡಿ ತಂದು ನೌಕರರಿಗೆ ಆಸನ ಕೊಡುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಕಾಸರಗೋಡಿನಲ್ಲಿ ಕನ್ನಡ ಮಾತಾಡುವ ಅಂಗಡಿ ನೌಕರನಿಗೆ ಹೀಗೆ ಸಿಕ್ಕ ಸ್ಟೂಲು ತಲಪಾಡಿ ದಾಟಿ ಪಡೀಲಿಗೆ ಬರಲು ಎಷ್ಟು ದೂರ? ರೈಲಿನಲ್ಲಿ ಒಂದು ಗಂಟೆಯ ದಾರಿ.

ನಮ್ಮ ವಾಚಕರಲ್ಲಿ ಸಣ್ಣ ವರ್ತಕರು ಬಹಳ ಮಂದಿ ಇದ್ದಾರೆ. ಅವರು ಇಷ್ಟು ಓದುವಾಗಲೇ ಮುಖ ಗಂಟಿಕ್ಕಿರುವುದು ನಮಗೆ ಕಾಣುತ್ತದೆ. ಅವರ ಮಾತುಗಳನ್ನು ನಾವು ಅಂಗಡಿಯ ಮುಂದೆ ನಿಂತು ಕೇಳಿದವರೇ. ಒಂದೊಂದಾಗಿ ಉತ್ತರ ಹೇಳಬೇಕಾದದ್ದು ನ್ಯಾಯ.

ಗಿರಾಕಿ ಬಂದಾಗ ಆಳು ಕೂತಿದ್ದರೆ ಮರ್ಯಾದೆಯಲ್ಲ ಎನ್ನುತ್ತಾರೆ. ಬ್ಯಾಂಕಿನ ಗುಮಾಸ್ತ ಕೂತಿರುತ್ತಾನೆ, ನಾವು ಸಾಲಿನಲ್ಲಿ ನಿಲ್ಲುತ್ತೇವೆ. ಟಿಕೇಟು ಕೊಡುವವನು ಕೂತಿರುತ್ತಾನೆ. ಡಾಕ್ಟರು ಕೂತಿರುತ್ತಾರೆ. ಅದೇ ಅಂಗಡಿಯಲ್ಲಿ ಗಲ್ಲಾದ ಹಿಂದೆ ಧನಿಗಳೂ ಕೂತಿರುತ್ತಾರೆ. ಇವರಲ್ಲಿ ಯಾರನ್ನೂ ಗಿರಾಕಿ ಅಮರ್ಯಾದಸ್ಥರೆಂದು ದೂರಿದ್ದನ್ನು ನಾವು ಕೇಳಿಲ್ಲ. ಹಾಗಾದರೆ ಈ ಮರ್ಯಾದೆಯ ಭಾರವನ್ನೆಲ್ಲ ಅತಿ ಕಡಿಮೆ ಸಂಬಳದವನ ಕಾಲಿನ ಮೇಲೆಯೇ ಹೊರಿಸಿದ್ದು ಏಕೆ? ಗಿರಾಕಿ ಬಂದಾಗ ಎದ್ದು ನಿಲ್ಲಲಿ, ಬೇಡವೆನ್ನುವುದಿಲ್ಲ. ನೆರೆಯ ರಾಜ್ಯಗಳ ಕಾನೂನೂ ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಆಸನವಿರಲಿ ಎಂದಷ್ಟೇ ಹೇಳುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಯ ಸುಳಿವೇ ಇಲ್ಲದ ಹೊತ್ತಿನಲ್ಲಿ ನಿಂತು ಯಾರಿಗೆ ಮರ್ಯಾದೆ ಸಲ್ಲಿಸಬೇಕು? ಗೋಡೆಗೇ?

ಕೂತರೆ ನಿದ್ದೆ ಮಾಡುತ್ತಾರೆ, ಮೊಬೈಲು ನೋಡುತ್ತಾರೆ ಎಂಬುದು ಇನ್ನೊಂದು ಮಾತು. ಊಟವಾದ ಮೇಲೆ ಗಲ್ಲಾದ ಹಿಂದೆ ಯಾರಿಗೆ ತೂಕಡಿಕೆ ಬರುತ್ತದೆಂದು ನಾವು ಇಲ್ಲಿ ಬರೆಯಲು ಹೋಗುವುದಿಲ್ಲ.

ಜಾಗವಿಲ್ಲ ಎಂಬ ಮಾತು ಮಾತ್ರ ನಿಜವಾದದ್ದು. ಅದನ್ನು ನಗೆಯಲ್ಲಿ ತೇಲಿಸಿಬಿಡಲಾಗದು. ಐದು ಮಾಳಿಗೆಯ ಅಂಗಡಿಗೆ ಈ ನೆಪವಿಲ್ಲ. ಆದರೆ ಒಂದು ಶಟರಿನ ಕೋಣೆಯಲ್ಲಿ ದಿನಸಿಯನ್ನೋ ಬಳೆಯನ್ನೋ ಚಪ್ಪಲಿಯನ್ನೋ ಮಾರುವವನು ಬಾಡಿಗೆಯನ್ನು ಚದರಡಿಯ ಲೆಕ್ಕದಲ್ಲಿ ಕೊಡುತ್ತಾನೆ. ಒಂದು ಸ್ಟೂಲು ಇಟ್ಟ ಒಂದೂವರೆ ಚದರಡಿಗೂ ತಿಂಗಳಿಗೆ ಇಷ್ಟೆಂದು ಬೆಲೆ ಕಟ್ಟಬೇಕು. ಅಂಗಡಿಯಿಂದ ಸ್ಟೂಲನ್ನು ಹೊರಗೆ ಹಾಕಿದವನು ಅನೇಕ ಕಡೆ ವರ್ತಕನಲ್ಲ, ಕಟ್ಟಡದ ಒಡೆಯ. ಹಿಂದೆ ಅಂಗಡಿಯ ಮುಂದಿರುತ್ತಿದ್ದ ಉದ್ದನೆಯ ಬೆಂಚನ್ನೂ ಹೊರಗೆ ಹಾಕಿದವನು ಅವನೇ. ಉಳಿದದ್ದನ್ನು ರಸ್ತೆ ಅಗಲಗೊಳಿಸುವವರು ಒಯ್ದರು. ಆ ಬೆಂಚಿನ ಮೇಲೆ ಬೀಡಿ ಹಚ್ಚಿ ಪತ್ರಿಕೆ ಓದುತ್ತಿದ್ದರು, ನ್ಯಾಯ ತೀರ್ಮಾನಿಸುತ್ತಿದ್ದರು, ಸಾಲ ಕೇಳುತ್ತಿದ್ದರು. ನಮ್ಮಂಥ ವಾರಪತ್ರಿಕೆಯ ಒಂದು ಪ್ರತಿಯನ್ನು ಹತ್ತು ಜನ ಓದುತ್ತಿದ್ದುದೂ ಅದರ ಮೇಲೆಯೇ. ಆದುದರಿಂದ ಬೆಂಚಿನ ವಿಷಯದಲ್ಲಿ ನಮಗೆ ಸ್ವಲ್ಪ ಸ್ವಾರ್ಥವೂ ಇದೆಯೆಂದು ವಾಚಕರು ತಿಳಿದರೆ ತಪ್ಪಲ್ಲ.

ಜಾಗವಿಲ್ಲದವರಿಗೆ ಬಡಗಿಯ ಬಳಿ ಉತ್ತರವಿದೆ. ಕೌಂಟರಿನ ಒಳಬದಿಗೆ ಕೀಲು ಹಾಕಿದ ಒಂದಡಿ ಹಲಗೆ ಜೋಡಿಸಿದರೆ ಬೇಕಾದಾಗ ಎತ್ತಿ ಕೂರಬಹುದು, ಬೇಡದಾಗ ಇಳಿಬಿಡಬಹುದು. ಇದರ ಉಪಯೋಗ ಆಳಿಗೆ ಮಾತ್ರವಲ್ಲ. ಆಳಿಲ್ಲದೆ ತಾನೊಬ್ಬನೇ ಹನ್ನೆರಡು ಗಂಟೆ ನಿಲ್ಲುವ ಸಣ್ಣ ವರ್ತಕ ನಮ್ಮಲ್ಲಿ ಸಾವಿರಾರು. ತನ್ನ ಕಾಲನ್ನೂ ತನ್ನದೆಂದು ಎಣಿಸದಷ್ಟು ಅವನು ವ್ಯಾಪಾರಕ್ಕೆ ಒಗ್ಗಿಹೋಗಿದ್ದಾನೆ. ಅವನ ಪರವಾಗಿ ಮುಷ್ಕರ ಹೂಡಲು ಯಾವ ಸಂಘವೂ ಇಲ್ಲ. ಅವನಿಗೇ ಅವನು ಒಂದು ಹಲಗೆ ಹೊಡೆಸಿಕೊಡಬೇಕು.

ಕಾರ್ಖಾನೆಯ ಬಂಧುಗಳಿಗೆ ಬೇರೆ ಮಾತು ಹೇಳಬೇಕಾಗಿದೆ. ನಿಂತು ದುಡಿಯಬೇಕಾದ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ತಕ್ಕ ಏರ್ಪಾಡು ಇರತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಕಲಮು ಸ್ಪಷ್ಟವಾಗಿ ಹೇಳಿತ್ತು. ಎಪ್ಪತ್ತೇಳು ವರ್ಷ ಆ ಕಲಮು ಪುಸ್ತಕದಲ್ಲಿತ್ತು. ಬೋನಸ್ಸಿನ ಕಲಮನ್ನು ಬಾಯಿಪಾಠ ಹೇಳುವ ನಮ್ಮ ಸಂಘಗಳಲ್ಲಿ ಎಷ್ಟು ಮಂದಿ ಈ ಕಲಮನ್ನು ಹಿಡಿದು ಮ್ಯಾನೇಜರನ ಮೇಜಿಗೆ ಹೋಗಿದ್ದಾರೆ? 2025ರ ನವೆಂಬರ್ 21ರಂದು ಹಳೆಯ ಕಾಯಿದೆಯ ಜಾಗಕ್ಕೆ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ಆ ಸಂಹಿತೆಯ ಬಗ್ಗೆ ನಮ್ಮ ತಕರಾರುಗಳು ಅನೇಕ. ಅವು ಈ ಲೇಖನದ ವಿಷಯವಲ್ಲ. ಅದರ 24ನೆಯ ಕಲಮಿನಲ್ಲಿಯೂ ನಿಂತು ದುಡಿಯುವವರಿಗೆ ಆಸನದ ಮಾತಿದೆ, ಕೈಕಾಲು ತೊಳೆಯುವ ಜಾಗದ ಮಾತಿದೆ, ಒದ್ದೆಬಟ್ಟೆ ಒಣಗಿಸುವ ಮಾತೂ ಇದೆ ಎಂಬುದನ್ನು ಇಲ್ಲಿ ತಿಳಿಸುತ್ತೇವೆ. ನಮ್ಮೂರ ಜೂನ್ ಜುಲೈಯಲ್ಲಿ ನೆನೆದ ಅಂಗಿಯಲ್ಲೇ ಪಾಳಿ ಮುಗಿಸುವವರು ಅದನ್ನು ಓದಿಸಿ ಕೇಳಿರಿ. ಆದರೆ ಹತ್ತು ಜನಕ್ಕಿಂತ ಕಡಿಮೆ ಇರುವ ಸಾಮಾನ್ಯ ಅಂಗಡಿಗಳಿಗೆ ಇದು ಮುಟ್ಟುವುದಿಲ್ಲ. ಅಲ್ಲಿ ಧನಿಯ ಮನಸ್ಸೇ ಕಾನೂನು.

ಕೂತು ಕೆಲಸ ಮಾಡುವವರೆಲ್ಲ ಸುಖಿಗಳೆಂದು ಯಾರೂ ತಿಳಿಯಬಾರದು. ಗೇರುಬೀಜದ ಕಾರ್ಖಾನೆಗಳಲ್ಲಿ ನಮ್ಮ ತಾಯಂದಿರು ಕುಕ್ಕರುಗಾಲಿನಲ್ಲಿ ಕೂತು ಸಿಪ್ಪೆ ಒಡೆದದ್ದು, ಗೇರೆಣ್ಣೆ ತಾಗಿ ಅವರ ಬೆರಳು ಕಪ್ಪಾದದ್ದು ಈ ಜಿಲ್ಲೆ ಬಲ್ಲ ಸಂಗತಿ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವಾಕೆ ಬೆಳಗಿನಿಂದ ಕತ್ತಲೆಯ ತನಕ ಕೂತೇ ಇರುತ್ತಾಳೆ; ಅವಳ ಕತ್ತು ನೆಟ್ಟಗಾಗುವುದು ಸಾವಿರ ಎಣಿಸಿ ಮುಗಿದ ಮೇಲೆ. ಅವಳ ಮನೆಯೇ ಕಾರ್ಖಾನೆ. ಒರಗಿಕೊಳ್ಳುವ ಹಲಗೆ ಕೇಳಲು ಅಲ್ಲಿ ಮ್ಯಾನೇಜರನಿಲ್ಲ. ಗೋಡೆಗೆ ಒರಗಿ ಕೂರುವಂತೆ, ಮೊರ ಒಂದು ಗೇಣು ಎತ್ತರದಲ್ಲಿರುವಂತೆ ಒಂದು ಮಣೆ ಮಾಡಿಸಿಕೊಟ್ಟರೆ ಅವಳ ಬೆನ್ನು ಉಳಿದೀತು. ಮಣೆಗಾಗಿ ಸರಕಾರದ ವರೆಗೆ ಹೋಗಬೇಕಾಗಿಲ್ಲ. ಮನೆಯ ಗಂಡಸರು ಒಂದು ಭಾನುವಾರ ಮನಸ್ಸು ಮಾಡಿದರೆ ಸಾಕು.

ಗಂಡಸರ ಮಾತು ಬಂತಾದ್ದರಿಂದ ಅಡುಗೆಮನೆಯನ್ನೂ ನೋಡಿ ಹೋಗೋಣ. ಸಂಘದ ಸಭೆಯಲ್ಲಿ ಹಕ್ಕಿನ ಮಾತಾಡಿ ಬಂದವನ ಮನೆಯಲ್ಲಿ ಅಡುಗೆ ಕೋಣೆ ಹಿಂದೆ, ಕತ್ತಲಲ್ಲಿ, ಕಿಟಕಿಯಿಲ್ಲದ ಮೂಲೆಯಲ್ಲಿ. ಡಾ. ರಾಮಮನೋಹರ ಲೋಹಿಯಾ ಅವರು ಹೆಂ�ಗಸರ ಶೌಚಾಲಯ, ಕುಡಿಯುವ ನೀರು, ಒಲೆಯ ಹೊಗೆ ಇವನ್ನು ದೇಶದ ರಾಜಕೀಯದ ಪ್ರಶ್ನೆಗಳೆಂದು ಹೇಳಿದಾಗ ದೆಹಲಿಯ ದೊಡ್ಡವರಿಗೆ ಅದು ವಿಚಿತ್ರವಾಗಿ ಕಂಡಿತ್ತು. ಗ್ಯಾಸು ಬಂದು ಹೊಗೆ ಕಡಿಮೆಯಾಯಿತು, ನಿಜ. ಕಟ್ಟೆಯ ಎತ್ತರ ಮಾತ್ರ ಇಂದಿಗೂ ಮೇಸ್ತ್ರಿಯ ಅಂದಾಜಿನದು. ಅದರ ಮುಂದೆ ನಿಲ್ಲುವವಳನ್ನು ಕರೆದು ನಿನ್ನ ಮೊಣಕೈ ಎಲ್ಲಿಗೆ ಬರುತ್ತದೆಂದು ಅಳೆದು ಕಟ್ಟಿದ ಮನೆಗಳು ಎಷ್ಟಿವೆ?

ಬಸ್ಸಿನ ವಿಷಯ ಬರೆಯಹೊರಟರೆ ಇನ್ನೊಂದು ಸಂಚಿಕೆ ಬೇಕು. ಲಾರಿಗೆಂದು ಮಾಡಿದ ಚಾಸಿಯ ಮೇಲೆ ಪೆಟ್ಟಿಗೆ ಕೂರಿಸಿ ಬಸ್ಸೆಂದು ಕರೆಯುವುದು ನಮ್ಮ ದೇಶದ ಹಳೆಯ ರೂಢಿ. ಸಾಮಾನು ಹೇರುವ ಎತ್ತರಕ್ಕೆ ಮನುಷ್ಯರು ಹತ್ತಬೇಕಾದದ್ದು ಅದರಿಂದ. ಮೀನಿನ ಬುಟ್ಟಿ ಹಿಡಿದ ಹೆಂಗಸು, ಮೊಣಗಂಟು ನೋಯುವ ಮುದುಕ, ಬಗಲಲ್ಲಿ ಮಗುವಿರುವ ತಾಯಿ, ಕಂಡಕ್ಟರನ "ಬೇಗ ಬೇಗ" ಎಂಬ ಕೂಗಿನ ನಡುವೆ ಆ ಮೊದಲ ಮೆಟ್ಟಿಲಿಗೆ ಕಾಲೆತ್ತುವುದನ್ನು ಪಡೀಲಿನ ಸರ್ಕಲಿನಲ್ಲಿ ಯಾವ ದಿನವೂ ನೋಡಬಹುದು.

ಸರಕಾರದ ಹೊಸ ಕಟ್ಟಡಗಳ ಬಗ್ಗೆ ಒಂದು ಸೂಚನೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಬಂದ ಮೇಲೆ ಸಾರ್ವಜನಿಕ ಕಟ್ಟಡಕ್ಕೆ ಇಳಿಜಾರು ದಾರಿ ಇರಬೇಕಾದದ್ದು ಉಪಕಾರದ ವಿಷಯವಾಗಿ ಉಳಿದಿಲ್ಲ. ಗಾಲಿಕುರ್ಚಿಯವರು ಸ್ವಂತ ಬಲದಿಂದ ಏರಬೇಕಾದರೆ ಒಂದಡಿ ಏರಿಕೆಗೆ ಹನ್ನೆರಡಡಿ ಉದ್ದ ಬೇಕೆಂಬುದು ಎಂಜಿನಿಯರುಗಳೆಲ್ಲ ಬಲ್ಲ ಲೆಕ್ಕ. ಆದರೆ ಲೆಕ್ಕಕ್ಕೆ ಸಿಗದ ಕೆಲವು ಸಂಗತಿಗಳಿವೆ. ಅರ್ಜಿ ಬರೆಯಲು ಎದೆಯೆತ್ತರದ ಒಂದು ಹಲಗೆ. ಟೋಕನು ಹಿಡಿದು ಕಾಯುವವನಿಗೆ ತನ್ನ ಸಂಖ್ಯೆ ಕನ್ನಡದಲ್ಲಿ ಕೇಳಿಸುವಂಥ ದನಿ. ಬಸ್ಸಿಳಿದ ಜಾಗದಿಂದ ಬಾಗಿಲವರೆಗೆ ಮಳೆಯಲ್ಲಿ ನೆನೆಯದ ಮಾಡು. ಒದ್ದೆ ಕೊಡೆ ಇಡುವ ಜಾಗ. ಬೇರೆ ಸೀಮೆಯಲ್ಲಿ ನಕ್ಷೆ ಬರೆದು ತಂದವನಿಗೆ ಕೊಡೆಯ ನೆನಪು ಬರುವುದಿಲ್ಲ. ಅಧಿಕಾರಿಗಳ ಕೋಣೆಯ ಮೇಜು ಕುರ್ಚಿಗಳನ್ನು ಆರಿಸಲು ಸಮಿತಿಗಳಾಗುತ್ತವೆ. ಕಾಯುವವರ ಬೆಂಚನ್ನು ಆರಿಸಲು ಆ ಬೆಂಚಿನ ಮೇಲೆ ಕೂರುವ ಇಬ್ಬರನ್ನು, ಅವರಲ್ಲಿ ಒಬ್ಬಳು ಹೆಂಗಸನ್ನು, ಸಮಿತಿಗೆ ಸೇರಿಸಬೇಕೆಂದು ನಾವು ಕೇಳುತ್ತೇವೆ.

ಅದೆಲ್ಲ ಆಗಲು ಕಾಲ ಬೇಕು. ಅಂಗಡಿಯ ಸ್ಟೂಲಿಗೆ ಬೇಕಾಗಿಲ್ಲ. ಅದಕ್ಕೆ ಕಾನೂನು ಬರಲೆಂದು ಕಾಯಬೇಕಾಗಿಲ್ಲ, ನಕ್ಷೆ ಮಂಜೂರಾಗಬೇಕಾಗಿಲ್ಲ. ಕೂತವನ ಪಾದ ನೆಲ ಮುಟ್ಟುವಷ್ಟು ಎತ್ತರ ಇರಲಿ. ಕೌಂಟರು ಎತ್ತರದ್ದಾದರೆ ಎತ್ತರದ ಸ್ಟೂಲೇ ಆಗಲಿ, ಆದರೆ ಪಾದ ಊರಲು ಕೆಳಗೊಂದು ಅಡ್ಡಪಟ್ಟಿ ಬೇಕು, ಇಲ್ಲವಾದರೆ ತೊಡೆಯ ಅಡಿ ಜೋಮು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನದು ಅಗ್ಗ, ನಿಜ. ಬೆವರುವ ನಮ್ಮ ಊರಿಗೆ ಮರವೇ ಮೇಲು. ಮಾರ್ಚ್ ಏಪ್ರಿಲಿನ ಮದುವೆಯ ವ್ಯಾಪಾರ ತೊಡಗುವ ಮೊದಲೇ ಬಡಗಿಗೆ ಹೇಳಿಬಿಡಿರಿ, ಆಮೇಲೆ ಅವನು ಸಿಗುವುದಿಲ್ಲ. ಇಬ್ಬರು ದುಡಿಯುವಲ್ಲಿ ಒಂದಾದರೂ ಇರಲಿ. ತಂದ ಮೇಲೆ ಅದರ ಮೇಲೆ ಸಾಮಾನಿನ ಪೆಟ್ಟಿಗೆ ಮಾತ್ರ ಇಡಬೇಡಿ.